ಪ್ರೀತಿಯೊಳಗಿನ ಪ್ರಮಾದ

ಹಿಂಸೆ ದ್ವೇಷದಿಂದಲೇ ಹುಟ್ಟಬೇಕೆಂದಿಲ್ಲ. ಪ್ರೀತಿಯುಳ್ಳವರ ಅವಿವೇಕದಿಂದಲೂ ಅದು ಘಟಿಸಬಹುದು. ಈ ಕಹಿ ಸತ್ಯವನ್ನು 2006ರಲ್ಲಿ ತೆರೆಕಂಡ ‘ರೆಕ್ವಿಯೆಮ್’ ಎಂಬ ಜರ್ಮನ್ ಚಲನಚಿತ್ರವು ಬಹು ಸಂಯಮದಿಂದ ನಿರೂಪಿಸುತ್ತದೆ. ಇದರ ನಿರ್ದೇಶಕರು ಹಾನ್ಸ್ ಕ್ರಿಶ್ಚಿಯನ್ ಶ್ಮಿಡ್. ನಾಯಕಿಯ ಪಾತ್ರ ವಹಿಸಿದ ಸಾಂಡ್ರಾ ಹ್ಯೂಲರ್ ಅವರಿಗೆ ಅದೇ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಸಂದಿತು.

ಕಥೆ 1970ರ ದಶಕದ್ದು. ನಿಷ್ಠಾವಂತ ಕ್ಯಾಥೊಲಿಕ್ ಕುಟುಂಬದ ಮಿಖಾಯೆಲಾ ಅಪಸ್ಮಾರದಿಂದ ಬಳಲಿದವಳು. ತಾಯಿಯ ಆತಂಕವನ್ನು ಮೀರಿ, ತಂದೆಯ ಬೆಂಬಲದಿಂದ ವಿಶ್ವವಿದ್ಯಾನಿಲಯ ಸೇರುತ್ತಾಳೆ. ಓದು, ಗೆಳೆತನಗಳ ನಡುವೆ ಕಾಯಿಲೆ ಮರುಕಳಿಸುತ್ತದೆ. ಅಶರೀರ ದನಿಗಳು ಕಾಡುತ್ತವೆ. ಜಪಸರವನ್ನು ಮುಟ್ಟಲೂ ಕೈ ಬಾರದು. ತನ್ನನ್ನು ದುಷ್ಟಶಕ್ತಿ ಆವರಿಸಿದೆಯೆಂದು ಅವಳೇ ನಂಬುತ್ತಾಳೆ. ಚಿತ್ರದಲ್ಲಿ ಬೆಚ್ಚಿಬೀಳಿಸುವ ತಂತ್ರಗಳಿಲ್ಲ, ಖಳರೂ ಇಲ್ಲ. ಅವಳ ಸುತ್ತ ಇರುವವರೆಲ್ಲರೂ ಅವಳ ಹಿತವನ್ನೇ ಬಯಸುವವರು.

ಚಿತ್ರಕ್ಕೆ ಪ್ರೇರಣೆಯಾದುದು ಬವೇರಿಯಾ ಪ್ರಾಂತದ ಕ್ಲಿಂಗೆನ್‌ಬರ್ಗ್ ಪಟ್ಟಣದ ನಿಜಘಟನೆ. ಅಲ್ಲಿ 1975ರ ಸೆಪ್ಟೆಂಬರಿನಿಂದ, ಬಿಷಪ್ಪರ ಅನುಮತಿ ಪಡೆದು, ವಿದ್ಯಾರ್ಥಿನಿಯೊಬ್ಬಳಿಗೆ 67 ಬಾರಿ ಉಚ್ಚಾಟನೆಯ ವಿಧಿಗಳನ್ನು ನಡೆಸಲಾಯಿತು. ತನ್ನ ಯಾತನೆ ಪರರ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಭಾವಿಸಿದ್ದ ಆಕೆ ಕ್ರಮೇಣ ಅನ್ನವನ್ನೇ ತೊರೆದಳು. 1976ರ ಜುಲೈ 1ರಂದು, 23ನೆಯ ವಯಸ್ಸಿನಲ್ಲಿ, ನಿರಾಹಾರದಿಂದ ಕೃಶಳಾಗಿ ಪ್ರಾಣಬಿಟ್ಟಳು. ದೇಹದ ತೂಕ ಸುಮಾರು 31 ಕಿಲೋಗ್ರಾಂ ಮಾತ್ರ ಉಳಿದಿತ್ತು. 1978ರಲ್ಲಿ ಆಶಾಫೆನ್‌ಬುರ್ಗ್ ನ್ಯಾಯಾಲಯವು ತಂದೆತಾಯಿಗಳನ್ನೂ ಇಬ್ಬರು ಪಾದ್ರಿಗಳನ್ನೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರೆಂದು ನಿರ್ಣಯಿಸಿ, ಆರು ತಿಂಗಳ ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿರಿಸಿತು.

ಉಪವಾಸದ ಮಹಿಮೆಯನ್ನು ಬಲ್ಲ ಶ್ರಾವಕರಿಗೆ ಈ ಪ್ರಸಂಗ ವಿಶೇಷವಾಗಿ ವಿಚಾರಾರ್ಹ. ವ್ರತಕ್ಕೆ ಆಧಾರ ಸ್ವಸ್ಥ ಚಿತ್ತ, ಸ್ವಯಂ ವಿವೇಕ. ಕದಡಿದ ಮನಸ್ಸು ಅನ್ನವನ್ನು ನಿರಾಕರಿಸಿದಾಗ ಅದು ವ್ರತವಲ್ಲ, ವ್ಯಾಧಿಯ ಲಕ್ಷಣ. ಆ ಭೇದವನ್ನು ರೋಗಿ ತಾನೇ ಗುರುತಿಸಲಾರದು, ಗುರುತಿಸಬೇಕಾದವರು ಬಳಿಯಲ್ಲಿರುವವರು. ಅವರು ಅದನ್ನು ಭಕ್ತಿಯೆಂದು ಕಂಡು ಕೈಮುಗಿದರೆ ಪ್ರಮಾದವಾಗುತ್ತದೆ. ಪ್ರಮಾದದಿಂದ ಪ್ರಾಣಹಾನಿಯಾದರೆ ಅದು ಹಿಂಸೆಯೇ.

ಪ್ರಾರ್ಥನೆಗೂ ಔಷಧಕ್ಕೂ ವೈರವಿಲ್ಲ. ಮನೆಯಲ್ಲೊಬ್ಬರು ನಿದ್ರೆಗೆಟ್ಟು, ಕಾಣದ ದನಿಗಳಿಗೆ ಬೆದರಿ, ಊಟ ಬಿಟ್ಟಾಗ ದೇವರ ಮುಂದೆ ದೀಪ ಹಚ್ಚುವುದು ತಪ್ಪಲ್ಲ. ಆದರೆ ಅದೇ ದಿನ ವೈದ್ಯರ ಬಾಗಿಲನ್ನೂ ತಟ್ಟಬೇಕು. ಕರುಣೆಗೆ ಕಣ್ಣಿರುವುದು ಅಲ್ಲಿ.