ಇಳಿಯುವುದು ಸಾಲ, ಹತ್ತುವುದು ತೀರುವಳಿ

ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ನಡಿಗೆ ಎಂದರೆ ಮನೆಯಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿನಿಂದ ಬ್ಯಾಂಕಿಗೆ. ಅಂಥವನಿಗೆ 73ನೇ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಮರುಭೂಮಿಯ ಕಂದರಕ್ಕೆ ಇಳಿಯುವ ಯೋಚನೆ ಹುಟ್ಟಿಸಿದವನು ನನ್ನ ಮೊಮ್ಮಗ.

ಮಗಳ ಸಂಸಾರ ಇರುವುದು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಬರುವ ಅಕ್ಟೋಬರಿನಲ್ಲಿ ನಾವು ಅಜ್ಜ ಅಜ್ಜಿ ಅಲ್ಲಿಗೆ ಹೋಗುವುದೆಂದು ಗೊತ್ತಾದ ದಿನವೇ ಹನ್ನೆರಡು ವರ್ಷದ ಪೋರ ಫೋನಿನಲ್ಲಿ ಹೇಳಿದ: "ಅಜ್ಜ, ಗ್ರ್ಯಾಂಡ್ ಕ್ಯಾನ್ಯನ್ ಮೇಲಿಂದ ನೋಡೋದು ಎಲ್ರೂ ನೋಡ್ತಾರೆ. ನಾವು ಕೆಳಗೆ ನದಿ ತನಕ ಇಳಿಯೋಣ. ಅಲ್ಲೇ ಟೆಂಟ್ ಹಾಕ್ಕೊಂಡು ಮಲಗೋಣ. ನೀನು ಬರಲೇಬೇಕು."

"ಆಯ್ತು ಪುಟ್ಟ" ಎಂದುಬಿಟ್ಟೆ. ಸಾಲದ ಅರ್ಜಿಯನ್ನು ಪೂರ್ತಿ ಓದದೆ ರುಜು ಹಾಕಬೇಡಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವನೇ ಓದದೆ ರುಜು ಹಾಕಿದ್ದೆ.

ಆಮೇಲೆ ಕುಳಿತು ಓದಿದೆ. ಕೊಲರಾಡೋ ನದಿ ಲಕ್ಷಾಂತರ ವರ್ಷ ಬಂಡೆ ಕೊರೆದು ಮಾಡಿದ ಈ ಕಂದರದ ಉದ್ದ ಸುಮಾರು 446 ಕಿಲೋಮೀಟರ್. ನಾವು ಹೋಗಬೇಕೆಂದಿದ್ದ ಬ್ರೈಟ್ ಏಂಜೆಲ್ ಎಂಬ ಕಾಲುದಾರಿ ಮೇಲಿನ ಅಂಚಿನಿಂದ ನದಿ ದಂಡೆಯ ಬಿಡಾರದವರೆಗೆ 15 ಕಿಲೋಮೀಟರ್. ಅಷ್ಟರಲ್ಲಿ ಇಳಿಯುವ ಆಳ ಸುಮಾರು 1,335 ಮೀಟರ್. ನಮ್ಮ ಕೊಡಚಾದ್ರಿ ಸಮುದ್ರಮಟ್ಟದಿಂದ ಇರುವುದೇ 1,343 ಮೀಟರ್! ಕೊಡಚಾದ್ರಿಯನ್ನು ತಲೆಕೆಳಗಾಗಿ ನೆಟ್ಟರೆ ಎಷ್ಟು ಹಳ್ಳವೋ ಅಷ್ಟು.

ಬೆಟ್ಟಕ್ಕೂ ಕಂದರಕ್ಕೂ ಒಂದು ವ್ಯತ್ಯಾಸ ಇದೆ ಮಕ್ಕಳೇ. ಬೆಟ್ಟದಲ್ಲಿ ಕಷ್ಟ ಮೊದಲು, ಸುಖ ಆಮೇಲೆ. ಸುಸ್ತಾದರೆ ಅರ್ಧಕ್ಕೇ ತಿರುಗಿ ಇಳಿದು ಬರಬಹುದು. ಕಂದರದಲ್ಲಿ ಸುಖ ಮೊದಲು. ಬೆಳಗಿನ ತಂಪಿನಲ್ಲಿ, ಹೊಸ ಕಾಲಿನಲ್ಲಿ ಇಳಿಯುತ್ತಾ ಹೋಗುತ್ತೇವೆ. ಇಳಿದಂತೆಲ್ಲ ಸೆಕೆ ಏರುತ್ತದೆ. ತಳದಲ್ಲಿ ಮೇಲಿಗಿಂತ 11 ಡಿಗ್ರಿಯಷ್ಟು ಹೆಚ್ಚು. ಬೇಸಿಗೆಯಲ್ಲಂತೂ 40 ಡಿಗ್ರಿ ದಾಟುತ್ತದೆ. ಕಾಲು ಸೋತ ಮೇಲೆ ಹತ್ತುವ ಕೆಲಸ ಶುರು. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಇಟ್ಟುಕೊಳ್ಳಬೇಕಂತೆ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಇಳಿಯುವುದು ಸಾಲ, ಹತ್ತುವುದು ಬಡ್ಡಿ ಸಮೇತ ತೀರುವಳಿ.

ಹಳೆಯ ಲೆಡ್ಜರ್ ಪುಸ್ತಕವೊಂದನ್ನು ತೆಗೆದು ಲೆಕ್ಕ ಬರೆಯತೊಡಗಿದೆ. ತಳದಲ್ಲಿ ಟೆಂಟ್ ಹಾಕಲು ಪರವಾನಗಿ ಬೇಕು. ನಾಲ್ಕೈದು ತಿಂಗಳ ಮೊದಲೇ ಅರ್ಜಿ ಹಾಕಬೇಕು, ಲಾಟರಿ ಎತ್ತುತ್ತಾರೆ. ಅರ್ಜಿಯಲ್ಲಿ ಎಷ್ಟು ಜನ ಎಂದು ತಿಳಿಸಬೇಕು. "ನಾಲ್ಕು ಅಂತ ಬರೀಲಾ ಅಪ್ಪ?" ಎಂದು ಮಗಳು ಕೇಳಿದಳು. ಮೇ ತಿಂಗಳವರೆಗೆ ತಡಿ ಎಂದೆ. ಮೊದಲು ತಾಲೀಮು ಆಗಲಿ.

ತಾಲೀಮಿಗೆ ನಾನು ಆರಿಸಿಕೊಂಡದ್ದು ಬಂದಳಿಕೆ. ಅಲ್ಲಿ ಕಂದರವೂ ಇಲ್ಲ, ಬೆಟ್ಟವೂ ಇಲ್ಲ. ಆದರೆ ಶಿಕಾರಿಪುರ, ಸೊರಬದ ಕಡೆಯ ಏಪ್ರಿಲ್ ಬಿಸಿಲಿದೆ, ಮನುಷ್ಯರ ಗದ್ದಲವಿಲ್ಲದ ದಾರಿಗಳಿವೆ. ಚಿಕ್ಕಂದಿನಲ್ಲಿ ಬನಶಂಕರಿ ಜಾತ್ರೆಗೆ ಅಪ್ಪನ ಹೆಗಲ ಮೇಲೆ ಕುಳಿತು ಹೋದ ಊರದು.

ಚೀಲದ ತೂಕ ನಮ್ಮ ತೂಕದ ಐದನೇ ಒಂದು ಭಾಗ ಮೀರಬಾರದು ಎಂದು ಓದಿದ್ದೆ. ನಾನು 62 ಕೆಜಿ. ಐದು ಕೆಜಿ ಅಕ್ಕಿ, ನಾಲ್ಕು ಲೀಟರ್ ನೀರು, ಒಂದು ಕಂಬಳಿ ತುಂಬಿದೆ. ನನ್ನಾಕೆ ನೋಡಿ, "ಏನ್ರೀ, ಅಕ್ಕಿ ಹೊತ್ಕೊಂಡು ವನವಾಸಕ್ಕೆ ಹೊರಟ್ರಾ?" ಎಂದಳು. ಮೊದಲ ಬಸ್ಸು ತಪ್ಪಿತು. ನಡಿಗೆ ಶುರುವಾಗುವಾಗ ಹತ್ತು ಗಂಟೆ ಆಗಿತ್ತು. ಕಂದರದಲ್ಲಿ ಹತ್ತರಿಂದ ನಾಲ್ಕರವರೆಗೆ ಬಿಸಿಲಲ್ಲಿ ನಡೆಯಬೇಡಿ ಎಂಬ ಎಚ್ಚರಿಕೆಯನ್ನು ನಾನೇ ಲೆಡ್ಜರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಇರಲಿ, ಇದು ನಮ್ಮೂರು ತಾನೇ ಎಂಬ ಸಸಾರ.

ಎರಡು ಗಂಟೆ ನಡೆದೆ. ಬಾಯಾರಿದಾಗಲೆಲ್ಲ ನೀರು ಕುಡಿದೆ, ಮೂರು ಲೀಟರ್ ಮುಗಿಯಿತು. ತಿನ್ನಲು ಏನೂ ತಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳೆಸಿತು, ಮೊಣಕಾಲು ನನ್ನ ಮಾತು ಕೇಳಲಿಲ್ಲ. ಶಾಂತಿನಾಥ ಬಸದಿಯ ನೆರಳಿಗೆ ಹೇಗೆ ಬಂದು ಕುಳಿತೆನೋ ಗೊತ್ತಿಲ್ಲ.

ಎಮ್ಮೆ ಕಾಯುತ್ತಿದ್ದ ಒಬ್ಬ ಹೆಂಗಸು ನೋಡಿದಳು. "ಏನಜ್ಜ, ಬಿಸ್ಲಾಗೆ ಮೂಟೆ ಹೊತ್ಕೊಂಡು ಎಲ್ಲಿಗ್ ಹೊಂಟೀರಿ?" ಎಂದು ಬೈದು, ತನ್ನ ಬುತ್ತಿಯ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು. ಅರ್ಧ ರೊಟ್ಟಿಯನ್ನೂ ಉಪ್ಪಿನಕಾಯಿಯನ್ನೂ ಕೈಗಿಟ್ಟಳು. ನಿಧಾನವಾಗಿ ಕಣ್ಣು ತಿಳಿಯಾಯಿತು. ಬೆವರಿನಲ್ಲಿ ಹೋಗುವುದು ಬರೀ ನೀರಲ್ಲ, ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ತುಂಬುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಜೀವಕ್ಕೇ ಅಪಾಯ. ಗ್ರ್ಯಾಂಡ್ ಕ್ಯಾನ್ಯನ್‌ನ ಕಾವಲಿನವರೂ ನೀರಿನ ಜೊತೆ ಉಪ್ಪಿನ ತಿಂಡಿ ತಿನ್ನಿ ಎಂದೇ ಹೇಳುತ್ತಾರೆ. ಅವರು ಹೇಳಿದ್ದು ಓದಿ ಮರೆತಿದ್ದೆ. ಎಮ್ಮೆ ಕಾಯುವ ತಾಯಿ ಹೇಳಿದ್ದು ಮರೆಯಲಾರೆ.

ಬಿಸಿಲು ಇಳಿಯುವವರೆಗೂ ಅಲ್ಲೇ ಕುಳಿತೆ. ಆಗ ಜಕ್ಕಿಯಬ್ಬೆ ನೆನಪಾದಳು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ಈ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಯಾಗಿ ಆಡಳಿತ ನಡೆಸಿದ ಹೆಣ್ಣುಮಗಳು. ದೇಹಕ್ಕೆ ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಇದೇ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳೆಂದು ಶಾಸನ ಹೇಳುತ್ತದೆ. ಅವಳ ದೊಡ್ಡಸ್ತಿಕೆಯೆಲ್ಲಿ, ನನ್ನ ಅಕ್ಕಿ ಮೂಟೆಯೆಲ್ಲಿ! ಆದರೂ ಒಂದು ಮಾತು ನಾಟಿತು. ಬ್ಯಾಂಕಿನಲ್ಲಿ ತಿಜೋರಿಯ ಕೀಲಿಕೈಯನ್ನು ಹೊತ್ತಿಗೆ ಸರಿಯಾಗಿ ಇನ್ನೊಬ್ಬರ ಕೈಗೆ ಒಪ್ಪಿಸುವುದೂ ಒಂದು ಕೆಲಸವೇ. ಒಪ್ಪಿಸದೆ ಇಟ್ಟುಕೊಂಡವನು ಎಲ್ಲರನ್ನೂ ಕಷ್ಟಕ್ಕೆ ಸಿಕ್ಕಿಸುತ್ತಾನೆ. ಕಂದರದ ತಳದಲ್ಲಿ ನಾನು ಹೀಗೆ ಕುಸಿದರೆ ಆ ಹುಡುಗನ ಎದುರಿಗೇ ಅಲ್ಲವೇ ಕುಸಿಯುವುದು?

ಮನೆಗೆ ಬಂದು ಏನೂ ಆಗಿಲ್ಲವೆಂದೆ. ನನ್ನಾಕೆ ಮುಖ ನೋಡಿಯೇ ತಿಳಿದುಕೊಂಡಳು. ರಾತ್ರಿ ಎಲ್ಲ ಹೇಳಿದೆ. "ನನಗೆ ಹೇಳಿದ್ದು ಸಾಕು. ಅವನಿಗೆ ನೀವೇ ಹೇಳಿ" ಎಂದಳು.

ಹೇಳಲು ನಾಲ್ಕು ದಿನ ಹಿಡಿಯಿತು. ಬಸ್ಸು ತಪ್ಪಿದ್ದು, ಬರೀ ನೀರು ಕುಡಿದದ್ದು, ಮಜ್ಜಿಗೆ, ಎಲ್ಲ ಹೇಳಿ, "ಪುಟ್ಟ, ನನ್ನ ಕೈಲಿ ನದಿ ತನಕ ಆಗಲ್ಲ ಕಣೋ" ಎಂದೆ. ಅವನು ಫೋನಿನ ಎದುರಿನಿಂದ ಎದ್ದು ಹೋದ. ಖಾಲಿ ಕುರ್ಚಿ ಮಾತ್ರ ಕಾಣುತ್ತಿತ್ತು. ವೃತ್ತಿಯಲ್ಲಿ ಎಷ್ಟೋ ಅರ್ಜಿ ತಿರಸ್ಕಾರವಾಗುವುದನ್ನು ನೋಡಿದ್ದೇನೆ. ಇಷ್ಟು ಸಂಕಟ ಆಗಿರಲಿಲ್ಲ.

ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ. "ಅಜ್ಜ, ಎಷ್ಟು ದೂರ ಆಗುತ್ತೆ ನಿನ್ನ ಕೈಲಿ? ಲೆಕ್ಕ ಹಾಕಿ ಹೇಳು."

ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಅಂಚಿನಿಂದ 2.4 ಕಿಲೋಮೀಟರ್ ಕೆಳಗೆ ಒಂದು ತಂಗುಮನೆ ಇದೆ. ಇಳಿತ ಸುಮಾರು 340 ಮೀಟರ್. ಬೆಳಿಗ್ಗೆ ಬೇಗ ಹೊರಟರೆ ಅಲ್ಲಿಯವರೆಗೆ ನಾನು, ಮಗಳು ಹೋಗಿ ಬರಬಹುದು. ಒಬ್ಬೊಬ್ಬರೇ ನಡೆಯುವಂತಿಲ್ಲ. ಅವನೂ ಅಳಿಯನೂ ಮುಂದೆ ನದಿಗೆ. ಹತ್ತುವಾಗ ಸಾಲವನ್ನು ಎರಡು ಕಂತಿನಲ್ಲಿ ತೀರಿಸುವುದು: ಎರಡನೇ ದಿನ ನಡುವಿನ ಹವಾಸುಪಾಯ್ ಗಾರ್ಡನ್ಸ್ ಬಿಡಾರದವರೆಗೆ, ಮೂರನೇ ದಿನ ಮೇಲಕ್ಕೆ. ದಾರಿಯ ನೀರಿನ ಪೈಪು ಒಮ್ಮೊಮ್ಮೆ ಒಡೆಯುವುದರಿಂದ ನದಿ ನೀರು ಸೋಸುವ ಸಾಧನ ಜೊತೆಗಿರಬೇಕು. ಹೇಸರಗತ್ತೆಗಳು ಬಂದರೆ ಗುಡ್ಡದ ಬದಿಗೆ ಸರಿದು ನಿಲ್ಲಬೇಕು, ಪ್ರಪಾತದ ಬದಿಗಲ್ಲ. ದೂರದಲ್ಲಿ ಎಲ್ಲೋ ಮಳೆಯಾದರೂ ಒಣಗಿದ ಹಳ್ಳಕ್ಕೆ ಹಠಾತ್ತನೆ ನೆರೆ ಬರುತ್ತದೆ, ಹಾಗಾಗಿ ಹಳ್ಳದಲ್ಲಿ ಕೂರುವಂತಿಲ್ಲ. ಉಪ್ಪು ಹಚ್ಚಿದ ಕಡಲೆಬೀಜ, ಚಕ್ಕುಲಿ, ಉಪ್ಪಿನಕಾಯಿ ಅಜ್ಜಿಯ ಜವಾಬ್ದಾರಿ. ಲೆಡ್ಜರ್ ಇನ್ನು ಮುಂದೆ ಮೊಮ್ಮಗನದು; ಗಂಟೆಗೊಮ್ಮೆ ನೀರು ಎಷ್ಟು, ಉಪ್ಪು ಎಷ್ಟು ಎಂದು ಅವನು ಬರೆಯಬೇಕು.

ಮಗಳು ಎರಡು ಜನ ಎಂದು ಅರ್ಜಿ ಹಾಕಿದಳು. ಲಾಟರಿಯಲ್ಲಿ ಹೆಸರು ಬಂತು.

ಈಗ ದಿನಾ ಬೆಳಿಗ್ಗೆ ಆರಕ್ಕೆ ಚೀಲ ಹೊತ್ತು ನಡೆಯುತ್ತೇನೆ. ಅಕ್ಕಿ ಎರಡೇ ಕೆಜಿ. ಮೊನ್ನೆ ಮೊಮ್ಮಗ ಕೇಳಿದ: "ಮೂರನೇ ದಿನ ನಾವು ಹತ್ತಿ ಬರುವಾಗ ನೀನು ಮೇಲೆ ಕಾಯ್ತಿರ್ತೀಯಾ ಅಜ್ಜ?"

"ಮೇಲೆ ಯಾಕೋ? ತಂಗುಮನೆ ಹತ್ರ ಇರ್ತೀನಿ. ಅವತ್ತು ಅಮ್ಮನ ಜೊತೆ ಇನ್ನೊಂದು ಸಲ ಇಳಿದು ಬರ್ತೀನಿ, ಮಜ್ಜಿಗೆ ತಗೊಂಡು."

"ಉಪ್ಪು ಹಾಕಿ ತಾ" ಎಂದ. ಲೆಡ್ಜರಿನಲ್ಲಿ ಬರೆದುಕೊಂಡನಂತೆ.