ಹುಳುಮನೆಯಿಂದ ನೊಣಮನೆಗೆ

ಶಿಡ್ಲಘಟ್ಟದಿಂದ ವಿಜಯಪುರದ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರು ನಮ್ಮ ಮೇಲೂರು. ಸುತ್ತಲೂ ಹಿಪ್ಪುನೇರಳೆ ತೋಟ, ನಡುನಡುವೆ ದ್ರಾಕ್ಷಿ ಚಪ್ಪರ. ನಮ್ಮ ಕಡೆಯ ಮಕ್ಕಳಿಗೆ ಹುಳು ಎಂದರೆ ಅಸಹ್ಯವಿಲ್ಲ. ರೇಷ್ಮೆಹುಳು ಎಷ್ಟನೇ ಜ್ವರಕ್ಕೆ ಕೂತಿದೆ, ಯಾವಾಗ ಹಣ್ಣಾಗುತ್ತದೆ, ಚಂದ್ರಿಕೆಗೆ ಯಾವಾಗ ಬಿಡಬೇಕು ಎಂಬುದೆಲ್ಲ ಅವರಿಗೆ ಮಗ್ಗಿಯಷ್ಟೇ ಸಲೀಸು. ಪೊರೆ ಕಳಚುವ ಮುಂಚೆ ಹುಳು ಸೊಪ್ಪು ಬಿಟ್ಟು ಮಂಕಾಗಿ ಕೂರುತ್ತದಲ್ಲ, ಅದನ್ನೇ ನಾವು ಜ್ವರ ಎನ್ನುವುದು.

ಇಂಥ ಊರಿನವನಾದ ನನಗೆ, ಬೆಂಗಳೂರಿನ ಜಕ್ಕೂರಿನಲ್ಲಿ ನೊಣ ಸಾಕುವ ವಿಜ್ಞಾನಿಗಳಿದ್ದಾರೆ ಎಂದು ತಂಗಿಯ ಮೊಮ್ಮಗಳು ಹೇಳಿದಾಗ ಕುತೂಹಲವಾಯಿತು. ಅವಳು ಬಿಎಸ್‌ಸಿ ಓದುತ್ತಿದ್ದಾಳೆ. ಅನುಮತಿ ಪಡೆದು ಇಬ್ಬರೂ ಬಸ್ಸು ಹತ್ತಿದೆವು. ವಿಜಯಪುರ, ದೇವನಹಳ್ಳಿ, ಯಲಹಂಕ ದಾಟಿದರೆ ಜಕ್ಕೂರು. ಅಲ್ಲಿರುವುದು 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಅದರೊಳಗೆ ಜೀವವಿಕಾಸವನ್ನು ಅಭ್ಯಸಿಸುವ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದವರು ಪ್ರಾಧ್ಯಾಪಕ ಅಮಿತಾಭ್ ಜೋಶಿ. 2009ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿದೆ.

ಬಾಗಿಲು ತೆರೆದಾಗ ಮೊದಲು ಬಂದದ್ದು ಬೆಲ್ಲದ ವಾಸನೆ! ನೊಣಗಳಿಗೆ ಅಲ್ಲಿ ಬಾಳೆಹಣ್ಣು ಮತ್ತು ಬೆಲ್ಲ ಸೇರಿಸಿ ಬೇಯಿಸಿದ ಅಡುಗೆ. ಇವು ತಿಪ್ಪೆಯ ದೊಡ್ಡ ನೊಣಗಳಲ್ಲ. ಕಳಿತ ಬಾಳೆಹಣ್ಣಿನ ಮೇಲೆ, ದ್ರಾಕ್ಷಿ ಬುಟ್ಟಿಯ ಸುತ್ತ ಹಾರಾಡುವ ಎಳ್ಳುಕಾಳಿನಷ್ಟು ಪುಟ್ಟ ಹಣ್ಣುನೊಣಗಳು. ಹೆಸರು ಡ್ರಾಸಾಫಿಲ. ಇವುಗಳ ಪೂರ್ವಜರು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದವರಂತೆ. ಈಗ ನಮ್ಮ ಬೆಲ್ಲ ತಿಂದು ಜಕ್ಕೂರಿನವೇ ಆಗಿಬಿಟ್ಟಿವೆ.

ಹತ್ತಿಯ ಬಿರಡೆ ಹಾಕಿದ ಗಾಜಿನ ಸೀಸೆಗಳು ಸಾಲುಸಾಲಾಗಿದ್ದವು. ಕೋಣೆಯ ಶಾಖ ಸದಾ 25 ಡಿಗ್ರಿ. ಒಂದೊಂದು ಸೀಸೆಗೆ ಅರವತ್ತರಿಂದ ಎಂಬತ್ತು ಮೊಟ್ಟೆ. ಮೊಟ್ಟೆ ಒಡೆದು ಹುಳು, ಹುಳು ಹೋಗಿ ಕೋಶ, ಕೋಶದಿಂದ ರೆಕ್ಕೆಯ ನೊಣ. ‘ಇದು ನಮ್ಮ ಹುಳುಮನೆಯೇ!’ ಎಂದೆ. ಅಲ್ಲಿನ ವಿದ್ಯಾರ್ಥಿಗಳು ನಕ್ಕು ಹೌದೆಂದರು.

ಅವರು ವಿವರಿಸಿದ ಒಂದು ಪ್ರಯೋಗವನ್ನು ನಿಮಗೆ ಹೇಳಲೇಬೇಕು. ಒಂದೇ ಮೂಲದ ನೊಣಗಳನ್ನು ಎರಡು ಬಗೆಯಲ್ಲಿ ಸಾಕಿದರು. ಮೊದಲ ಬಗೆಯವಕ್ಕೆ ಅವಸರವಿಲ್ಲ. 21 ದಿನಕ್ಕೊಂದು ತಲೆಮಾರು. ಎರಡನೆಯ ಬಗೆಯಲ್ಲಿ, ಪ್ರತಿ ಸೀಸೆಯಿಂದ ಎಲ್ಲರಿಗಿಂತ ಮೊದಲು ಹೊರಬಂದ ಕೆಲವನ್ನು ಮಾತ್ರ ಆರಿಸಿ, ಅವುಗಳ ಮೊಟ್ಟೆಯಿಂದಲೇ ಮುಂದಿನ ತಲೆಮಾರು ಬೆಳೆಸಿದರು. ಇಲ್ಲಿ 10 ದಿನಕ್ಕೇ ಒಂದು ತಲೆಮಾರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ವರ್ಷಕ್ಕೆ ಮೂವತ್ತಾರು. ಮನುಷ್ಯರ ತಲೆಮಾರಿಗೆ ಇಪ್ಪತ್ತೈದು ವರ್ಷ ಹಿಡಿದರೆ, ನೊಣದ ಒಂದು ವರ್ಷ ನಮ್ಮ ಒಂಬೈನೂರು ವರ್ಷ! ವಿಕಾಸವನ್ನು ಕಣ್ಣಾರೆ ನೋಡಲು ನೊಣವೇ ಏಕೆ ಬೇಕು ಎಂಬುದು ಆಗ ತಿಳಿಯಿತು.

ಎರಡೂ ಬಗೆಯಲ್ಲಿ ನಾಲ್ಕು ನಾಲ್ಕು ಗುಂಪು. ನಾಲ್ಕು ಏಕೆ? ಒಂದೇ ಗುಂಪಿನಲ್ಲಿ ಆದ ಬದಲಾವಣೆ ಆಕಸ್ಮಿಕ ಇರಬಹುದು. ನಾಲ್ಕರಲ್ಲೂ ಹಾಗೇ ಆದರೆ ಅದಕ್ಕೆ ಕಾರಣವಿದೆ. ಬ್ಯಾಂಕಿನಲ್ಲಿ ಒಬ್ಬ ಕೂಡಿದ ಮೊತ್ತವನ್ನು ಇನ್ನೊಬ್ಬ ಮತ್ತೆ ಕೂಡಿ ತಾಳೆ ನೋಡುತ್ತಿದ್ದೆವಲ್ಲ, ಅದೇ ಶಿಸ್ತು.

ನೂರಾರು ತಲೆಮಾರು ಕಳೆದವು. ಅವಸರದ ನೊಣಗಳು ನಿಜವಾಗಿಯೂ ಬೇಗ ಬೆಳೆಯತೊಡಗಿದವು. ಆದರೆ ಖಾತೆಯ ಇನ್ನೊಂದು ಪುಟ ನೋಡಿ: ಅವುಗಳ ಮೈ ಚಿಕ್ಕದಾಯಿತು, ಇಡುವ ಮೊಟ್ಟೆ ಕಡಿಮೆಯಾಯಿತು. ಹುಳುವಾಗಿದ್ದಾಗ ತಿನ್ನುವ ವೇಗವೂ ತಗ್ಗಿತು. ದೊಡ್ಡ ಮೈಯ ತಮ್ಮ ದಾಯಾದಿಗಳೊಂದಿಗೆ ಜೋಡಿಯಾಗುವುದೂ ಕಷ್ಟವಾಗತೊಡಗಿತು. ಒಂದೇ ವಂಶ ಎರಡಾಗಿ ಕವಲೊಡೆಯುವ ಮೊದಲ ಹೆಜ್ಜೆ ಹೀಗೂ ಇರಬಹುದು. ಬೇಗ ಎಂಬುದು ಜಮಾ ಆದರೆ ಅದರ ಎದುರು ಖರ್ಚು ಬಿದ್ದೇ ಬೀಳುತ್ತದೆ.

ಈ ಲೆಕ್ಕ ಮೇಲೂರಿಗೆ ಹೊಸದೇನಲ್ಲ. ನಮ್ಮ ಹಳೆಯ ಮೈಸೂರು ತಳಿಯ ಹುಳು ಗಟ್ಟಿಮುಟ್ಟು; ಬಿಸಿಲು ಬೇಗೆ ತಡೆಯುತ್ತದೆ. ಆದರೆ ಗೂಡು ಚಿಕ್ಕದು, ನೂಲು ಕಡಿಮೆ. ದ್ವಿತಳಿಯ ಬಿಳಿ ಗೂಡು ದೊಡ್ಡದು, ನೂಲು ಹೆಚ್ಚು; ಹುಳು ಮಾತ್ರ ಬಲು ನಾಜೂಕು, ಮನೆಯ ಶಾಖ ಏರುಪೇರಾದರೆ ತಡೆಯದು. ಎರಡರ ಗುಣವೂ ಇರಲೆಂದು ಮಿಶ್ರತಳಿ ಬಂತು. ಸಾವಿರಾರು ವರ್ಷ ಮನುಷ್ಯ ಗೂಡನ್ನೇ ನೋಡಿ ಆರಿಸುತ್ತ ಬಂದದ್ದರಿಂದ ರೇಷ್ಮೆಯ ಚಿಟ್ಟೆಗೆ ರೆಕ್ಕೆಯಿದ್ದರೂ ಇಂದು ಹಾರಲು ಬಾರದು. ಹೆಚ್ಚು ಗೂಡು ಕೊಡುವ ಹೊಸ ತಳಿ ಬಂದಾಗಲೆಲ್ಲ ರೈತ ಕೇಳಬೇಕಾದ ಪ್ರಶ್ನೆ ಇದೇ: ಇದಕ್ಕೆ ಪ್ರತಿಯಾಗಿ ಹೋಗುವುದೇನು? ತಪ್ಪಾದರೆ ಮುಳುಗುವುದು ಮನೆಯ ಆ ಬೆಳೆಯ ಸಾಲ ಸೋಲ.

ಆ ಪ್ರಶ್ನೆಗೆ ಉತ್ತರ ಒಬ್ಬರಿಂದ ಸಿಗುವುದಲ್ಲ. ಅಡುಗೆ ಬೇಯಿಸುವವರು, ಸೀಸೆ ತೊಳೆಯುವವರು, ಸೂಕ್ಷ್ಮದರ್ಶಕದ ಕೆಳಗೆ ಮೊಟ್ಟೆ ಎಣಿಸುವವರು, ದಾಖಲೆ ಬರೆಯುವವರು, ಇವರಲ್ಲಿ ಒಬ್ಬರು ತಪ್ಪಿದರೂ ವರ್ಷಗಳ ಸರಪಳಿ ತುಂಡಾಗುತ್ತದೆ. ನೊಣಕ್ಕೆ ಯುಗಾದಿಯೂ ಇಲ್ಲ, ಭಾನುವಾರವೂ ಇಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವುದನ್ನು ಹಬ್ಬವೆಂದು ಬಿಡಲಾದೀತೆ? ಹಾಗೆಯೇ ಇದೂ. ಪಿಎಚ್‌ಡಿ ಮುಗಿಸಿದವರು ಹೊರಟುಹೋಗುತ್ತಾರೆ, ಹೊಸಬರು ಬರುತ್ತಾರೆ. ನೊಣಗಳ ವಂಶ ಮಾತ್ರ ಕೈಯಿಂದ ಕೈಗೆ ಸಾಗುತ್ತಲೇ ಇರುತ್ತದೆ.

ಮಕ್ಕಳೇ, ಇದನ್ನು ನೋಡಲು ನೀವು ಜಕ್ಕೂರಿಗೇ ಹೋಗಬೇಕಿಲ್ಲ. ಒಂದು ಸ್ವಚ್ಛ ಸೀಸೆಯಲ್ಲಿ ಕಳಿತ ಬಾಳೆಹಣ್ಣಿನ ತುಂಡಿಡಿ. ನಾಲ್ಕಾರು ಹಣ್ಣುನೊಣ ಒಳಗೆ ಬಂದ ಮೇಲೆ ಬಾಯಿಗೆ ತೆಳುಬಟ್ಟೆ ಕಟ್ಟಿ. ಒಂದೆರಡು ದಿನ ಬಿಟ್ಟು ಆ ನೊಣಗಳನ್ನು ಹೊರಗೆ ಬಿಟ್ಟು ಮತ್ತೆ ಕಟ್ಟಿ. ಹುಳು ಕಂಡ ದಿನ, ಕೋಶವಾದ ದಿನ, ಹೊಸ ನೊಣ ಹೊರಬಂದ ದಿನ, ಎಲ್ಲವನ್ನೂ ತಾರೀಖು ಹಾಕಿ ಬರೆದಿಡಿ. ಮೊದಲು ಬಂದದ್ದನ್ನು ಮಾತ್ರವಲ್ಲ, ಕೊನೆಗೆ ಬಂದದ್ದನ್ನೂ ಬರೆಯಿರಿ. ಅದರ ಲೆಕ್ಕವೂ ಬೇಕು.