ಕತ್ತರಿಗಳ ಊರಿನಲ್ಲಿ

ಗಡ್ಡವನ್ನು ಬಿಡುವುದು ಸುಲಭ. ಬಿಟ್ಟ ಗಡ್ಡವನ್ನು ಅಂದವಾಗಿ ಇರಿಸಿಕೊಳ್ಳುವುದು ಕಷ್ಟ. ಬೋಳಿಸುವವನಿಗೆ ಕತ್ತಿಯೊಂದಿದ್ದರೆ ಸಾಕು. ಬೆಳೆಸುವವನಿಗೆ ಬಾಚಣಿಗೆ, ಕತ್ತರಿ, ಕತ್ತಿ ಮೂರೂ ಬೇಕು. ಅಂಗಡಿಗಳಲ್ಲಿ ಇವುಗಳ ರಾಶಿಯೇ ಬಿದ್ದಿರುತ್ತದೆ. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು? ಜರ್ಮನಿಯ ಸೋಲಿಂಗೆನ್ ಪಟ್ಟಣದಲ್ಲಿ ಇದಕ್ಕೆ ನಮಗೆ ದೊರೆತ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಕೊಲೋನ್ ನಗರಕ್ಕೆ ಉತ್ತರದಲ್ಲಿ, ಗುಡ್ಡಗಳ ನಡುವೆ ಈ ಊರಿದೆ. ನಾವು ನೆರೆಯ ರೆಮ್ಶೈಡಿನಿಂದ ರೈಲಿನಲ್ಲಿ ಹೊರಟೆವು. ದಾರಿಯಲ್ಲಿ 107 ಮೀಟರು ಎತ್ತರದ ಉಕ್ಕಿನ ಸೇತುವೆಯೊಂದರ ಮೇಲೆ ವುಪ್ಪರ್ ನದಿಯ ಕಣಿವೆಯನ್ನು ದಾಟಬೇಕು. 1897ರಲ್ಲಿ ತೆರೆದ ಆ ಸೇತುವೆಯಿಂದ ನೋಡಿದರೆ ನದಿಯು ದಾರದ ಎಳೆಯಂತೆ ತೋರುತ್ತದೆ. ಆ ಎಳೆಯೇ ಈ ಊರಿನ ಐಶ್ವರ್ಯಕ್ಕೆ ಮೂಲ. ನದಿಯೂ ಅದರ ತೊರೆಗಳೂ ನೀರಿನ ಚಕ್ರಗಳನ್ನು ತಿರುಗಿಸಿದವು. ಚಕ್ರಗಳು ಸಾಣೆಕಲ್ಲುಗಳನ್ನು ತಿರುಗಿಸಿದವು. ಮಧ್ಯಯುಗದಲ್ಲಿ ಖಡ್ಗಗಳಿಗೆ ಹೆಸರಾಗಿದ್ದ ಊರು ಮುಂದೆ ಚಾಕು, ಕತ್ತರಿ, ಕ್ಷೌರದ ಕತ್ತಿಗಳಿಗೂ ಹೆಸರಾಯಿತು. ಆ ಹೆಸರನ್ನು ಕಂಡಕಂಡವರು ಬಳಸತೊಡಗಲು, 1938ರಲ್ಲಿ ಅದರ ರಕ್ಷಣೆಗೆಂದೇ ಕಾನೂನು ಹುಟ್ಟಿತು. ಮುಖ್ಯವಾದ ಕೆಲಸವೆಲ್ಲ ಆ ಪ್ರದೇಶದಲ್ಲಿಯೇ ನಡೆದ ಸಾಮಾನಿಗೆ ಮಾತ್ರ ಸೋಲಿಂಗೆನ್ ಮುದ್ರೆ ಸಲ್ಲುತ್ತದೆ.

ಇಲ್ಲಿ ಹೆಂಡ್ರಿಕ್ಸ್ ಎಂಬ ಹಳೆಯ ಕಮ್ಮಟವೊಂದುಂಟು. 1886ರಲ್ಲಿ ಆರಂಭವಾಗಿ 1986ರಲ್ಲಿ ಮುಚ್ಚಿದ ಈ ಕಾರ್ಖಾನೆಯನ್ನು ಯಂತ್ರಗಳ ಸಹಿತವಾಗಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಕೆಂಪಗೆ ಕಾದ ಉಕ್ಕಿನ ಸರಳಿನ ಮೇಲೆ ಭಾರವಾದ ಸುತ್ತಿಗೆ ಬೀಳುತ್ತದೆ, ನೆಲ ನಡುಗುತ್ತದೆ, ಕತ್ತರಿಯ ಒಂದು ಅರೆ ಅಚ್ಚಿನಲ್ಲಿ ಮೂಡುತ್ತದೆ. ಇಷ್ಟಕ್ಕೆ ಅದು ಕತ್ತರಿಯಲ್ಲ. ಅದನ್ನು ಕಾಸಿ ಹದಗೊಳಿಸಬೇಕು, ಸಾಣೆ ಹಿಡಿಯಬೇಕು, ಇನ್ನೊಂದು ಅರೆಯೊಡನೆ ಜೋಡಿಗೂಡಿಸಬೇಕು. ಎರಡು ಅಲಗುಗಳೂ ತುಸು ಬಾಗಿದ್ದು, ಮುಚ್ಚುತ್ತ ಹೋದಂತೆ ಒಂದೊಂದೇ ಬಿಂದುವಿನಲ್ಲಿ ತಾಗಬೇಕು. ಈ ಕೂಟವನ್ನು ಸರಿಪಡಿಸುವುದು ಪಳಗಿದ ಕೈಯ ಕೆಲಸ.

ಆ ಕೈಗಳು ತೆತ್ತ ಬೆಲೆಯನ್ನೂ ಹೇಳಬೇಕು. ಹಿಂದಿನ ಸಾಣೆಗಾರರು ಮರಳುಗಲ್ಲಿನ ಚಕ್ರಗಳ ಮುಂದೆ ದಿನವಿಡೀ ದುಡಿಯುತ್ತಿದ್ದರು. ಕಲ್ಲಿನ ಧೂಳು ಶ್ವಾಸಕೋಶವನ್ನು ಹೊಕ್ಕು, ಎಷ್ಟೋ ಮಂದಿ ಅಕಾಲದಲ್ಲಿ ತೀರಿಕೊಂಡರು. ಹೊಳೆಯುವ ಅಲಗನ್ನು ಕಂಡಾಗ ಈ ಸಂಗತಿ ನೆನಪಿದ್ದರೆ, ಕತ್ತರಿಯನ್ನು ಕೊಂಡು ಆರು ತಿಂಗಳಿಗೆ ಬಿಸಾಡುವ ಮನಸ್ಸು ಯಾರಿಗೂ ಬಾರದು.

ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದುದು ಇದು: ಇದನ್ನು ಮತ್ತೆ ಮಸೆಯಬಹುದೆ? ಅರೆಗಳನ್ನು ತಿರುಪಿನಿಂದ ಕೂಡಿಸಿದ್ದರೆ ಬಿಚ್ಚಿ ಸಾಣೆ ಹಿಡಿಸಬಹುದು. ರಿವೆಟ್ಟು ಹೊಡೆದಿದ್ದರೆ ಅದು ಸುಲಭವಲ್ಲ. ಗಡ್ಡಕ್ಕೆ ಐದಾರು ಅಂಗುಲದ ಕತ್ತರಿ ಸಾಕು. ಮೀಸೆಗೆ ಇನ್ನೂ ಚಿಕ್ಕದು ಒಳ್ಳೆಯದು. ಮುಚ್ಚಿ ಬೆಳಕಿಗೆ ಹಿಡಿದರೆ ಅಲಗುಗಳ ನಡುವೆ ಸಣ್ಣ ಸಂದು ಕಂಡು, ತುದಿಯಲ್ಲಿ ಅವು ಕೂಡಿರಬೇಕು. ಒಂದು ಹಿಡಿಯನ್ನು ಮೇಲೆತ್ತಿ ಬಿಟ್ಟರೆ ಅದು ಮೆಲ್ಲನೆ ಇಳಿದು ನಡುವೆ ನಿಲ್ಲಬೇಕು. ಟಪ್ಪನೆ ಬಿದ್ದರೆ ತಿರುಪು ಸಡಿಲ, ಕದಲದಿದ್ದರೆ ಬಿಗಿ. ಒದ್ದೆ ಹತ್ತಿಯನ್ನು ತುದಿಯವರೆಗೂ ಮಡಿಸದೆ ಕತ್ತರಿಸಿದರೆ ಅದನ್ನು ನಂಬಬಹುದು.

ಬಾಚಣಿಗೆಯ ಹಲ್ಲುಗಳ ಮೇಲೆ ಬೆರಳಾಡಿಸಿರಿ. ಒರಟು ಅಂಚು ತಾಗಿದರೆ ಅದು ಕೂದಲನ್ನು ಸೀಳುತ್ತದೆ. ಒದ್ದೆ ಕೂದಲು ಉದ್ದವಾಗಿ ತೋರುವುದರಿಂದ ಗಡ್ಡವನ್ನು ಒಣಗಿಸಿಯೇ ಕತ್ತರಿಸಬೇಕು. ಇಲ್ಲವಾದರೆ ಒಣಗಿದ ಮೇಲೆ ಅದು ಎಣಿಸಿದುದಕ್ಕಿಂತ ಗಿಡ್ಡವಾದೀತು. ಮಡಿಸುವ ಕ್ಷೌರದ ಕತ್ತಿ ನೋಡಲು ಚೆನ್ನ. ಆದರೆ ಪ್ರತಿ ಸಲವೂ ಚರ್ಮದ ಪಟ್ಟಿಯ ಮೇಲೆ ತೀಡುವ ತಾಳ್ಮೆಯಿಲ್ಲದವರು ಕೆನ್ನೆ, ಕುತ್ತಿಗೆಗಳ ಅಂಚು ತಿದ್ದಲು ಬ್ಲೇಡಿನ ರೇಜರನ್ನೇ ಇಟ್ಟುಕೊಳ್ಳುವುದು ಮೇಲು. ವಿದ್ಯುತ್ ಟ್ರಿಮ್ಮರನ್ನು ಕೊಂಡವರು ಅದರ ಹಲ್ಲುಗಳನ್ನು ಕುಂಚದಿಂದ ಗುಡಿಸಿ, ಆಗಾಗ್ಗೆ ಒಂದು ತೊಟ್ಟು ಎಣ್ಣೆ ಬಿಡಬೇಕು.

ಗೃಹಸ್ಥರಿಗೆ ಇನ್ನೊಂದು ಮಾತು. ತಂದೆಯ ರೇಜರನ್ನು ಮಗನು ಬಳಸಬಾರದು. ಕಣ್ಣಿಗೆ ಕಾಣದ ರಕ್ತದ ಕಣದಿಂದಲೂ ಯಕೃತ್ತಿನ ಕೆಲವು ರೋಗಗಳು ಹರಡುತ್ತವೆ. ಕತ್ತರಿಯನ್ನಾದರೋ ತೊಳೆದು, ಒರೆಸಿ, ಎಣ್ಣೆ ಸವರಿ ಇಟ್ಟರೆ ಅದು ತಂದೆಯಿಂದ ಮಗನಿಗೆ ಬರಬಹುದು. ಆದರೆ ಆ ಕತ್ತರಿಯಿಂದ ಅಡಿಗೆಮನೆಯಲ್ಲಿ ಕಾಗದದ ಪೊಟ್ಟಣಗಳನ್ನು ಕತ್ತರಿಸದಂತೆ ಮನೆಯವರೆಲ್ಲರೂ ನೋಡಿಕೊಳ್ಳಬೇಕು. ಹರಿತವನ್ನು ಕೊಡುವುದು ಸೋಲಿಂಗೆನ್ನಿನ ಕೆಲಸ. ಅದನ್ನು ಕಾಯುವುದು ನಮ್ಮ ನಮ್ಮ ಮನೆಗಳ ಕೆಲಸ.